ಮಗಳ ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್ ಸಾಕಾ? "ಬೇಕಾದ್ರೆ ಮತ್ತೆ ಹಾಕುವ" ಎಂಬ ಮಾತು ನಂಬಬಹುದಾ?

ನೀರ್ಚಾಲು ತೋಟದವ

ಎಲ್ಲರಿಗೂ ನಮಸ್ಕಾರ. ಮಗಳು ಕಾಸರಗೋಡಿನ ಹತ್ತಿರದ ಪೊವ್ವಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದ್ತಾ ಇದ್ದಾಳೆ. ಮೊದಲ ಸೆಮಿಸ್ಟರನ್ನು ಮನೆಯ ಹಳೇ ಲ್ಯಾಪ್‌ಟಾಪಿನಲ್ಲೇ ದೂಡಿದಳು. ಅದಕ್ಕಿರುವುದು 4 ಜಿಬಿ ರ‍್ಯಾಮ್, ಅಂದರೆ ಕೆಲಸ ಮಾಡುವಾಗ ಬಳಸುವ ಮೆಮೊರಿ, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಬೆಳಿಗ್ಗೆ ಬಟನ್ ಒತ್ತಿ, ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರೂ ಅದು ಇನ್ನೂ ಸುತ್ತುತ್ತಾ ಇರ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ನಿಂತಿತು, ಈ ಮೆಶಿನಿಗೆ 11 ಕೂರುವುದಿಲ್ಲ. ಹಾಗಾಗಿ ಹೊಸತು ತೆಗೆಯದೆ ಬೇರೆ ದಾರಿ ಇಲ್ಲ.

ಮೊನ್ನೆ ಶನಿವಾರ ಅವಳನ್ನು ಕರ್ಕೊಂಡು ಮಂಗಳೂರಿಗೆ ಹೋಗಿದ್ದೆ. ಮೂರು ನೋಡಿ ಬಂದೆವು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ತರದ ಪ್ರೊಸೆಸರ್, ತಿರುಗುವ ಭಾಗವಿಲ್ಲದ ಡಿಸ್ಕ್ ಅಂದರೆ 512 ಜಿಬಿ ಎಸ್‌ಎಸ್‌ಡಿ.

ಒಂದನೆಯದು 54,000. 8 ಜಿಬಿ ರ‍್ಯಾಮ್, ಇನ್ನೊಂದು ಹಾಕ್ಲಿಕ್ಕೆ ಜಾಗ ಉಂಟಂತೆ. ಎರಡನೆಯದು 58,000. ಅದರಲ್ಲೂ 8, ಆದರೆ ಅದು ಬೋರ್ಡಿನಲ್ಲೇ ಇರುವುದು, ಮತ್ತೆ ಒಂದು ಸ್ಲಾಟ್ ಖಾಲಿ. ಮೂರನೆಯದು 65,000. 16 ಜಿಬಿ, ಬಹಳ ತೆಳ್ಳಗೆ, ಹಗುರ. ಮಗಳಿಗೆ ಮನಸ್ಸು ಅದರ ಮೇಲೆ, ದಿನಾ ಬಸ್ಸಿನಲ್ಲಿ ಹೊರಬೇಕಲ್ಲ.

ಅಂಗಡಿಯವರು "8 ಧಾರಾಳ ಸಾಕು, ಬೇಕಾದ್ರೆ ಮತ್ತೆ ಹಾಕುವ" ಅಂದ್ರು. ಮೂರಕ್ಕೂ "ಮತ್ತೆ ಹಾಕುವ" ಅಂತಲೇ ಹೇಳಿದ್ದು ನನಗೆ ಸಂಶಯ ಬರಿಸಿತು. ಅಡಿಕೆ ಕೊಟ್ಟ ದುಡ್ಡಿನಲ್ಲಿ 65,000 ಇದಕ್ಕೇಂತ ತೆಗೆದಿಟ್ಟದ್ದು. ಅದಕ್ಕಿಂತ ಮೇಲೆ ಈ ವರ್ಷ ಕೈ ಹೋಗುವುದಿಲ್ಲ. ತೆಗೆದದ್ದು ಅವಳ ಓದು ಮುಗಿಯುವವರೆಗೆ ಬರಬೇಕು. ಗೊತ್ತಿರುವವರು ದಯಮಾಡಿ ಹೇಳಿ.

ಕುಂಬ್ಳೆ ರಿಪೇರಿಯವ

ಅಣ್ಣ, ನಿಮಗೆ ಸಂಶಯ ಬಂದದ್ದು ಒಳ್ಳೆಯದೇ ಆಯ್ತು. ಮೂರೂ ಬೇರೆ ಬೇರೆ ಜಾತಿ. "ಮತ್ತೆ ಹಾಕುವ" ಎಂಬ ಮಾತು ಒಂದನೆಯದಕ್ಕೆ ಪೂರ್ತಿ ಸತ್ಯ, ಎರಡನೆಯದಕ್ಕೆ ಅರ್ಧ ಸತ್ಯ, ಮೂರನೆಯದಕ್ಕೆ ಸುಳ್ಳು.

ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಈಗ ಎಲ್‌ಪಿಡಿಡಿಆರ್5 ಅಥವಾ 5ಎಕ್ಸ್ ಅಂತ ಬರ್ತದೆ. ಅದು ತೆಗೆದು ಹಾಕುವ ಕಡ್ಡಿಯಾಗಿ ಸಿಕ್ಕುವ ರ‍್ಯಾಮ್ ಅಲ್ಲ, ಚಿಪ್ಪುಗಳನ್ನು ನೇರ ಮದರ್‌ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಬ್ಯಾಟರಿ ಕಡಿಮೆ ತಿನ್ನುತ್ತದೆ, ವೇಗವೂ ಒಳ್ಳೆದುಂಟು, ಅದರಲ್ಲಿ ದೋಷ ಹೇಳಲಿಕ್ಕಿಲ್ಲ. ಆದರೆ ಇವತ್ತು 16 ತೆಗೆದರೆ ಅದು ಹಾಳಾಗುವ ದಿನದವರೆಗೂ 16. ನನ್ನ ಮೇಜಿನ ಮೇಲೆ ತಿಂಗಳಿಗೆ ಇಬ್ಬರಾದರೂ ಇಂಥ 8 ಜಿಬಿಯ ಮೆಶಿನ್ ತಂದಿಟ್ಟು "ಇದಕ್ಕೊಂದು 8 ಹಾಕಿ" ಅಂತಾರೆ. ಹಿಂದಿನ ಮುಚ್ಚಳ ತೆಗೆದು ತೋರಿಸ್ತೇನೆ, ಹಾಕಲಿಕ್ಕೆ ಜಾಗವೇ ಇಲ್ಲ. ಅವರ ಮುಖ ನೋಡಲಿಕ್ಕೆ ಬೇಸರ ಆಗ್ತದೆ.

ಅಂಗಡಿಯಲ್ಲೇ ನೋಡುವ ಉಪಾಯ ಉಂಟು. ಡಿಸ್‌ಪ್ಲೇಗೆ ಇಟ್ಟ ಪೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೀತದೆ. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ ಸಣ್ಣ ಅಕ್ಷರದಲ್ಲಿ "ಸ್ಲಾಟ್ಸ್ ಯೂಸ್ಡ್" ಅಂತ ಒಂದು ಸಾಲು, "ಫಾರ್ಮ್ ಫ್ಯಾಕ್ಟರ್" ಅಂತ ಇನ್ನೊಂದು. "1 ಆಫ್ 2" ಅಂತಲೂ "ಸೋಡಿಮ್" ಅಂತಲೂ ಇದ್ದರೆ ಕಡ್ಡಿ ಉಂಟು, ಜಾಗವೂ ಉಂಟು. "ರೋ ಆಫ್ ಚಿಪ್ಸ್" ಅಂತ ಕಂಡರೆ ಅದು ಬೋರ್ಡಿಗೆ ಅಂಟಿದ್ದು. ಎಷ್ಟೋ ಸಲ ಅಂಗಡಿಯ ಹುಡುಗರಿಗೇ ಇದು ಗೊತ್ತಿರುವುದಿಲ್ಲ, ಬೇಕಂತಲೇ ಮೋಸ ಮಾಡುವುದು ಅಂತ ನಾನು ಹೇಳುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಮುಂದೆ ಬದಲಿಸಲಿಕ್ಕೆ ಆಗದ್ದಕ್ಕೆ ಇವತ್ತೇ ದುಡ್ಡು ಹಾಕಿ, ಬದಲಿಸಲಿಕ್ಕೆ ಆಗುವಂಥದ್ದು ಕಾಯಲಿ. ಒಂದನೆಯದು ತೆಗೆದು, ಬೇಕಾದಾಗ ಇನ್ನೊಂದು 8ರ ಕಡ್ಡಿ ಹಾಕಿಸಿ.

ಬಾಯಾರು–ಬೆಂಗಳೂರು

ಕುಂಬ್ಳೆಯಣ್ಣ ಹೇಳಿದ್ದು ಸರಿ, ಆದರೆ "ಕಾಯಲಿ" ಎಂಬುದಕ್ಕೆ ಈ ವರ್ಷ ನಾನು ಒಪ್ಪುವುದಿಲ್ಲ. ಕಳೆದ ಕೆಲವು ತಿಂಗಳಲ್ಲಿ ರ‍್ಯಾಮಿನ ಕ್ರಯ ಏರಿದ್ದು ಎಲ್ಲರೂ ನೋಡಿದ್ದೀರಿ. ಪ್ರಪಂಚದಲ್ಲಿ ಈ ಚಿಪ್ಪು ದೊಡ್ಡ ಮಟ್ಟಿಗೆ ಮಾಡುವವರು ಮೂರೇ ಮೂರು ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐಗೆ ಕಟ್ಟುತ್ತಿರುವ ಡೇಟಾ ಸೆಂಟರುಗಳಿಗೆ ಎಚ್‌ಬಿಎಂ ಎಂಬ ಬೇರೆ ತರದ ಮೆಮೊರಿ ಬೇಕು, ಅದರಲ್ಲಿ ಲಾಭ ಹೆಚ್ಚು. ಮೂವರೂ ಕಾರ್ಖಾನೆಯನ್ನು ಆ ಕಡೆ ತಿರುಗಿಸಿದರು, ನಮಗೆ ನಿಮಗೆ ಬೇಕಾದ ಸಾದಾ ಕಡ್ಡಿಗೆ ತತ್ವಾರ. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರಾಂಡಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಾವೆಲ್ಲ ಕಣ್ಣು ಮುಚ್ಚಿ ತೆಗೆಯುತ್ತಿದ್ದ ಬ್ರಾಂಡ್ ಅದು.

ಹಾಗಾಗಿ ಹೊಸ ಲ್ಯಾಪ್‌ಟಾಪಿನ ಒಳಗೇ ಬರುವ 16 ಜಿಬಿ ಈಗ ಬಿಡಿ ಕಡ್ಡಿಗಿಂತ ಸಸಾರಕ್ಕೆ ಬೀಳುವ ಸಾಧ್ಯತೆ ಉಂಟು. ಹಳೇ ಸ್ಟಾಕು ಹಳೇ ಕ್ರಯದಲ್ಲಿ ಇರುವಾಗಲೇ ತೆಗೆದುಬಿಡಿ. ನಾನಾದರೆ 32ಕ್ಕೇ ಹೋಗುತ್ತಿದ್ದೆ.

ಪೆರ್ಲದ ಮಾಷ್ಟ್ರು

ಸ್ವಲ್ಪ ನಿಧಾನಿಸಿ. 32 ಎಂದು ಹೇಳುವುದು ಸುಲಭ, ಕೇಳಿದವರು 65,000ದ ಮಿತಿ ಹಾಕಿದ್ದಾರೆ. ನಾನು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಐಟಿ ಪಾಠ ಮಾಡುವವನು. ನಮ್ಮ ಲ್ಯಾಬಿನಲ್ಲಿ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನವರ ಗ್ನು/ಲಿನಕ್ಸ್ ನಡೆಯುತ್ತದೆ, ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆ, ಉಬುಂಟುವಿನಿಂದ ಮಾಡಿದ್ದು. 4 ಜಿಬಿಯ ಲ್ಯಾಪ್‌ಟಾಪುಗಳಲ್ಲೇ ಮಕ್ಕಳು ಇಂಕ್‌ಸ್ಕೇಪಿನಲ್ಲಿ ಚಿತ್ರ ಬರೆಯುತ್ತಾರೆ, ಪೈಥಾನ್ ಕಲಿಯುತ್ತಾರೆ, ಜಿಯೋಜೀಬ್ರಾ ಮಾಡುತ್ತಾರೆ. ಎಸ್ಸೆಸ್ಸೆಲ್ಸಿ ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ ಆಗುತ್ತದೆ. ಯಂತ್ರದ ಬಲ ನೋಡುವ ಮೊದಲು ಅದರ ಮೇಲೆ ಏನು ಹೊರಿಸುತ್ತೇವೆ ಎಂದು ನೋಡಬೇಕಲ್ಲವೇ? ಲಿನಕ್ಸ್ ಹಾಕಿಕೊಂಡರೆ 8 ಜಿಬಿ ಒಬ್ಬ ವಿದ್ಯಾರ್ಥಿಗೆ ಸಾಲದು ಎಂದು ನನಗೆ ತೋರುವುದಿಲ್ಲ.

ಪೆರಿಯ ಹಾಸ್ಟೆಲ್

ಮಾಷ್ಟ್ರೇ, ನಾನು ಕಲಿತದ್ದೂ ಅದೇ ಲಿನಕ್ಸಿನಲ್ಲಿ, ನೀವು ಹೇಳಿದ್ದಕ್ಕೆ ಗೌರವ ಉಂಟು. ಆದರೆ ಹೈಸ್ಕೂಲಿನ ಪಾಠ ಬೇರೆ, ಕಂಪ್ಯೂಟರ್ ಸೈನ್ಸ್ ಬೇರೆ. ಫೋನಿನ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋಕ್ಕೆ ಗೂಗಲ್‌ನವರೇ ಹೇಳಿದ ಕನಿಷ್ಠ 8 ಜಿಬಿ. ಜೊತೆಗೆ ಎಮ್ಯುಲೇಟರ್ ಬೇಕಾದರೆ 16. ಎಮ್ಯುಲೇಟರ್ ಅಂದರೆ ಪರದೆಯ ಮೇಲೆ ಒಂದು ಇಡೀ ಫೋನು ಓಡಿಸಿದ ಹಾಗೆ, ಅದಕ್ಕೆ ಪ್ರತ್ಯೇಕ ಮೆಮೊರಿ ಕೊಡಬೇಕು. ಡೇಟಾಬೇಸ್ ಲ್ಯಾಬಿಗೆ, ಆಪರೇಟಿಂಗ್ ಸಿಸ್ಟಮ್ ಲ್ಯಾಬಿಗೆ ವರ್ಚುವಲ್ ಮೆಶಿನ್, ಅಂದರೆ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್, ಹಾಕಿದರೂ ಅದೇ ಕತೆ.

ನಾನು 8 ಜಿಬಿಯಲ್ಲಿ ಮೂರು ವರ್ಷ ಕಳೆದವನು. ವಿಂಡೋಸ್ 11 ಏನೂ ತೆರೆಯದೇ 3.5ರಿಂದ 4 ಜಿಬಿ ಹಿಡೀತಾ ಇತ್ತು. ಬ್ರೌಸರಿನಲ್ಲಿ ಹತ್ತು ಟ್ಯಾಬು, ಒಂದು ಎಡಿಟರ್, ಆನ್‌ಲೈನ್ ಕ್ಲಾಸು, ಅಲ್ಲಿಗೆ ಮುಗೀತು. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ: ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸಿಗೂ ಇದೇ ರ‍್ಯಾಮಿನಿಂದ ಪಾಲು ಹೋಗ್ತದೆ. ನನ್ನದರಲ್ಲಿ 8 ಅಂತ ಬರೆದಿದ್ದರೂ ಬಳಸಲಿಕ್ಕೆ ಸಿಕ್ಕಿದ್ದು 7.3.

ಮೆಮೊರಿ ತುಂಬಿದಾಗ ಅದು ಎಸ್‌ಎಸ್‌ಡಿಯ ಒಂದು ಭಾಗವನ್ನು ರ‍್ಯಾಮಿನ ಹಾಗೆ ಬಳಸ್ತದೆ. ಕೆಲಸ ನಿಲ್ಲುವುದಿಲ್ಲ, ತಡವರಿಸ್ತದೆ. ಮೌಸ್ ಒತ್ತಿ ಎರಡು ಸೆಕೆಂಡ್ ಕಾಯುವುದು ದಿನಕ್ಕೆ ನೂರು ಸಲ ಆದರೆ ಓದುವ ಮನಸ್ಸೇ ಹೋಗ್ತದೆ. ಅಣ್ಣ, ಮಗಳಿಗೆ 16 ಕೊಡಿಸಿ.

ಪೆರ್ಲದ ಮಾಷ್ಟ್ರು

ಎಮ್ಯುಲೇಟರಿನ ವಿಷಯ ನನಗೆ ಅಂದಾಜಿರಲಿಲ್ಲ. ಒಪ್ಪಿದೆ, 16. ಆದರೆ ಆ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ ಎಂಬುದನ್ನು ಮಾತ್ರ ಬಿಡುವುದಿಲ್ಲ. ಅದರ ಬಗ್ಗೆ ಮತ್ತೆ ಬರೆಯುತ್ತೇನೆ.

ನೀರ್ಚಾಲು ತೋಟದವ

ಎಲ್ಲರಿಗೂ ಉಪಕಾರ. 16 ಅಂತ ಗಟ್ಟಿಯಾಯ್ತು. ಇನ್ನು ಒಂದನೆಯದಕ್ಕೆ 8 ಸೇರಿಸುವುದಾ, ಎರಡನೆಯದಕ್ಕೆ ಸೇರಿಸುವುದಾ, ಮೂರನೆಯದಾ? ಇವತ್ತು ಅಂಗಡಿಗೆ ಫೋನ್ ಮಾಡಿದೆ. ಒಂದನೆಯದಕ್ಕೆ ಇನ್ನೊಂದು 8 ಹಾಕಿ ಒಟ್ಟು 61,500 ಅಂದ್ರು. ಮತ್ತೊಂದು ಮಾತು ಹೇಳಿದ್ರು: "ಇದು ಡಿಡಿಆರ್5, ಒಂದೇ ಕಡ್ಡಿಯಲ್ಲಿ ಡ್ಯುಯಲ್ ಚಾನೆಲ್ ಬರ್ತದೆ, ಎರಡು ಕಡ್ಡಿ ಬೇಡ." ಅದು ಎಂತ?

ಕುಂಬ್ಳೆ ರಿಪೇರಿಯವ

ಈ ಮಾತು ಈಗ ಎಲ್ಲ ಕಡೆ ಕೇಳ್ತದೆ. ಅರ್ಧ ತಿಳಿದು ಹೇಳುವುದು. ಬಿಡಿಸಿ ಹೇಳ್ತೇನೆ.

ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ರಸ್ತೆ ಉಂಟು ಅಂತ ಇಟ್ಟುಕೊಳ್ಳಿ, ಅದಕ್ಕೇ ಚಾನೆಲ್ ಅನ್ನುವುದು. ಹಳೇ ತಲೆಮಾರಿನ ಡಿಡಿಆರ್4ರ ಒಂದು ಕಡ್ಡಿಗೆ 64 ಬಿಟ್ ಅಗಲದ ಒಂದು ರಸ್ತೆ. ಡಿಡಿಆರ್5ರಲ್ಲಿ ಅದೇ 64 ಬಿಟ್ಟನ್ನು 32, 32 ಅಂತ ಎರಡು ಲೇನ್ ಮಾಡಿದ್ದಾರೆ. ಲೇನ್ ಎರಡಾಯ್ತು, ರಸ್ತೆಯ ಒಟ್ಟು ಅಗಲ ಹೆಚ್ಚಾಗಲಿಲ್ಲ. ಎರಡನೇ ಕಡ್ಡಿ ಹಾಕಿದಾಗಲೇ ಅದು 128 ಬಿಟ್ ಆಗುವುದು. ತಲಪಾಡಿಯಿಂದ ಈಚೆ ಹಳೇ ಹೈವೇಯ ನಡುವೆ ಬಿಳಿ ಗೆರೆ ಎಳೆದರೆ ಅದು ಷಟ್ಪಥ ಆಗ್ತದಾ? ಅಗಲ ಮಾಡಿದಾಗಲೇ ಆದದ್ದು.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಶಿನಿಗೆ ಇದು ಚೆನ್ನಾಗಿಯೇ ಗೊತ್ತಾಗ್ತದೆ. ಗ್ರಾಫಿಕ್ಸಿಗೆ ಆ ರಸ್ತೆಯೇ ಗತಿ. ಹಾಗಾಗಿ 16ರ ಒಂದು ಕಡ್ಡಿಗಿಂತ 8ರ ಎರಡು ನಿಮಗೆ ಒಳ್ಳೆಯದು. ಮುಂದೆ 32 ಬೇಕಾದರೆ ಎರಡನ್ನೂ ತೆಗೀಬೇಕಾಗ್ತದೆ ನಿಜ, ಆದರೆ ಈಗಿನ ಕ್ರಯದಲ್ಲಿ ನಾನು ನಿಮಗೆ ಬೇರೆ ಹೇಳುವುದಿಲ್ಲ.

ಎರಡನೆಯ ಮೆಶಿನಿನ ಬಗ್ಗೆ: ಬೋರ್ಡಿನ 8ಕ್ಕೆ ಇನ್ನೊಂದು 8 ಸೇರಿಸಿದರೆ ಇದೇ ಪ್ರಯೋಜನ. 16 ಸೇರಿಸಿ 24 ಮಾಡಿದರೆ ಮೊದಲ 16 ಜಿಬಿ ಎರಡು ಚಾನೆಲಿನಲ್ಲಿ, ಉಳಿದ 8 ಒಂದರಲ್ಲಿ ಓಡ್ತದೆ. ಅದೂ ಕೆಟ್ಟದ್ದಲ್ಲ. ಆದರೆ ಬೋರ್ಡಿಗೆ ಅಂಟಿದ ಚಿಪ್ಪೇ ಹಾಳಾದರೆ ಬೋರ್ಡೇ ಹೋಯ್ತು. ನಮ್ಮದು ಕಡಲ ಬದಿಯ ಊರು, ತೇವ ಜಾಸ್ತಿ. ಮಳೆಗಾಲ ಕಳೆದ ಮೇಲೆ ನನ್ನಲ್ಲಿಗೆ ಬರುವ ಕಪ್ಪು ಪರದೆಯ ಲ್ಯಾಪ್‌ಟಾಪುಗಳಲ್ಲಿ ಸುಮಾರನ್ನು ನಾನು ಸರಿ ಮಾಡುವುದು ಹೇಗೆ ಗೊತ್ತುಂಟಾ? ರ‍್ಯಾಮ್ ಕಡ್ಡಿ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲ ಉಜ್ಜಿ, ಪುಡಿ ಊದಿ, ವಾಪಸು ಕೂರಿಸುವುದು. ಹತ್ತು ನಿಮಿಷ. ಬೆಸುಗೆ ಹಾಕಿದ್ದರಲ್ಲಿ ಆ ದಾರಿ ಇಲ್ಲ.

ಕಡ್ಡಿ ತೆಗೆಯುವಾಗ ಮೇಲಿನ ಚೀಟಿ ನೋಡಿ. ಡಿಡಿಆರ್5 ಅಂತ ಇರಬೇಕು, ಈಗ ಇರುವುದರ ವೇಗವೇ ಇರಬೇಕು. ಡಿಡಿಆರ್4 ಡಿಡಿಆರ್5ರ ಸ್ಲಾಟಿಗೆ ಹೋಗುವುದೇ ಇಲ್ಲ, ಕೆಳಗಿನ ಕಚ್ಚು ಬೇರೆ ಜಾಗದಲ್ಲಿ.

ಮುಳ್ಳೇರಿಯ ಡಿಟಿಪಿ ಅಕ್ಕ

ಅಣ್ಣ, ಅಂಗಡಿಯಲ್ಲಿ ಹಾಕಿಸುವುದಾದರೆ ನನಗೆ ಆದದ್ದು ಕೇಳಿ. ನಾನು ಆಮಂತ್ರಣ ಪತ್ರಿಕೆ, ಬ್ರಹ್ಮಕಲಶದ ಸ್ಮರಣ ಸಂಚಿಕೆ ಎಲ್ಲ ಮಾಡುವವಳು. ಎರಡು ವರ್ಷದ ಹಿಂದೆ ಹೊಸ ಲ್ಯಾಪ್‌ಟಾಪ್ ತೆಗೆದೆ, 512ರ ಬದಲು 1 ಟಿಬಿ ಹಾಕಿಸಿ ಕೊಡಿ ಅಂತ ದುಡ್ಡು ಕೊಟ್ಟೆ. "ಸಂಜೆ ಬನ್ನಿ" ಅಂದ್ರು. ಸಂಜೆ ಹೋದರೆ 1 ಟಿಬಿ ಕಾಣ್ತಾ ಉಂಟು, ಖುಷಿಯಲ್ಲಿ ಬಂದೆ.

ನಾಲ್ಕು ತಿಂಗಳಲ್ಲಿ ದೊಡ್ಡ ಫೈಲ್ ಕಾಪಿ ಮಾಡುವಾಗ ಮೆಲ್ಲ ಆಗ್ಲಿಕ್ಕೆ ಸುರು. ತಮ್ಮ ಬಂದು ವೇಗ ನೋಡುವ ಸಾಫ್ಟ್‌ವೇರ್ ಹಾಕಿದ. ಸೆಕೆಂಡಿಗೆ 3,500 ಎಂಬಿ ಹತ್ತಿರ ಬರಬೇಕಾದಲ್ಲಿ 500ರ ಮೇಲೆ ಏರಲೇ ಇಲ್ಲ. ಮುಚ್ಚಳ ತೆಗೆದು ನೋಡಿದರೆ ಹೆಸರೇ ಕೇಳದ ಕಂಪನಿಯ, ಹಳೇ ನಿಧಾನದ ಸಾಟಾ ಜಾತಿಯ ಎಸ್‌ಎಸ್‌ಡಿ. ಆಕಾರ ಒಂದೇ, ಕೂರುವ ಜಾಗವೂ ಒಂದೇ, ಒಳಗಿನ ಭಾಷೆ ಬೇರೆ. ಕಂಪನಿಯಿಂದ ಬಂದ ಒಳ್ಳೆಯ 512 ಎಲ್ಲಿ ಅಂತ ಕೇಳಿದರೆ "ಅದು ಎಕ್ಸ್‌ಚೇಂಜಿಗೆ ಹೋಯ್ತು" ಅಂದ್ರು. ಬಿಲ್ಲಿನಲ್ಲಿ "1 ಟಿಬಿ ಎಸ್‌ಎಸ್‌ಡಿ" ಅಂತ ಮಾತ್ರ ಇತ್ತು. ಕಂಪನಿ ಹೆಸರಿಲ್ಲ, ಸೀರಿಯಲ್ ನಂಬರಿಲ್ಲ. ಯಾರ ಹತ್ತಿರ ಜಗಳ ಮಾಡುವುದು? ಆರು ತಿಂಗಳ ದುಡಿಮೆಯಲ್ಲಿ ಉಳಿಸಿದ ದುಡ್ಡದು.

ನಿಮ್ಮ ಕಣ್ಣೆದುರೇ ಬಿಚ್ಚಿಸಿ, ಕಣ್ಣೆದುರೇ ಹಾಕಿಸಿ. ಬಿಲ್ಲಿನಲ್ಲಿ ಕಂಪನಿ, ಮಾಡೆಲ್, ನಂಬರು ಬರೆಸಿ. ತೆಗೆದದ್ದನ್ನು ಕೇಳಿ ತನ್ನಿ, ಅದು ನಿಮ್ಮದು.

ಕುಂಬ್ಳೆ ರಿಪೇರಿಯವ

ಅಕ್ಕ ಬರೆದದ್ದು ಓದಿ ಸಂಕಟ ಆಯ್ತು. ನಮ್ಮ ಕೆಲಸದವರಿಗೆ ಕೆಟ್ಟ ಹೆಸರು ಬರುವುದೇ ಹೀಗೆ.

ಇದಕ್ಕೆ ಸೇರಿಸಿ ಇನ್ನೊಂದು. ಅಂಗಡಿಯಲ್ಲಿ ಹೊಸ ವಿಂಡೋಸ್ ತೆರೆದು ಕೊಡುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳ್ತದೆ. ಎಷ್ಟೋ ಕಡೆ ಹುಡುಗರು ಅಂಗಡಿಯ ಇಮೇಲನ್ನೇ ಹಾಕಿ ಮುಗಿಸ್ತಾರೆ. ವಿಂಡೋಸ್ 11ರಲ್ಲಿ ಡಿಸ್ಕಿಗೆ ತನ್ನಷ್ಟಕ್ಕೇ ಬೀಗ ಬೀಳ್ತದೆ, ಬಿಟ್‌ಲಾಕರ್ ಅಂತ. ಆ ಬೀಗದ 48 ಅಂಕಿಯ ಕೀ ಹೋಗಿ ಕೂರುವುದು ಆ ಅಕೌಂಟಿನಲ್ಲಿ. ನಾಳೆ ಎಸ್‌ಎಸ್‌ಡಿ ಬೇರೆ ಮೆಶಿನಿಗೆ ಹಾಕುವಾಗಲೋ ಬೋರ್ಡು ಹೋದಾಗಲೋ ನೀಲಿ ಪರದೆಯಲ್ಲಿ ಕೀ ಕೇಳ್ತದೆ. ಅದಿಲ್ಲದೆ ಒಂದು ಫೋಟೋ ಕೂಡ ಹೊರಗೆ ಬರುವುದಿಲ್ಲ, ನನ್ನಿಂದಲೂ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಹೋದ ವರ್ಷ ಒಬ್ಬ ಹುಡುಗಿಯ ಪ್ರಾಜೆಕ್ಟ್ ಹೀಗೆ ಹೋದದ್ದು ನನ್ನೆದುರೇ. ಮಗಳ ಸ್ವಂತ ಇಮೇಲಿನಲ್ಲೇ ತೆರೆಸಿ, ಕೀಯನ್ನು ಒಂದು ಕಾಗದದಲ್ಲಿ ಬರೆದು ಮನೆಯ ಆಧಾರಪತ್ರದ ಫೈಲಿನಲ್ಲಿ ಇಡಿ.

ನೀರ್ಚಾಲು ತೋಟದವ

ಇದೆಲ್ಲ ಯಾರೂ ಹೇಳಿಕೊಡದ ವಿಷಯ. ಬರೆದಿಟ್ಟುಕೊಂಡೆ. ಇನ್ನು 512 ಸಾಕಾ, 1 ಟಿಬಿಯೇ ಬೇಕಾ? ಡಿಸ್‌ಪ್ಲೇ ಪೀಸಿನಲ್ಲಿ 476 ಜಿಬಿ ಅಂತ ಕಾಣ್ತಿತ್ತು, 512 ಅಲ್ಲ. ಅದೂ ಅಕ್ಕನಿಗೆ ಆದ ಹಾಗೆಯಾ? ಮತ್ತೆ ಎಸ್‌ಎಸ್‌ಡಿ ಬರೆದು ಬರೆದು ಬೇಗ ಸವೀತದೆ ಅಂತಾರೆ.

ಪೆರಿಯ ಹಾಸ್ಟೆಲ್

476 ಮೋಸ ಅಲ್ಲ ಅಣ್ಣ. ತಯಾರಿಸುವವರು ಜಿಬಿ ಅಂದರೆ 100 ಕೋಟಿ ಬೈಟ್ ಅಂತ ಲೆಕ್ಕ ಹಿಡೀತಾರೆ, ವಿಂಡೋಸ್ 1024ರಿಂದ ಮೂರು ಸಲ ಭಾಗಿಸ್ತದೆ. ಹಾಗಾಗಿ 512 ಎಂಬುದು 476 ಆಗಿಯೂ 1 ಟಿಬಿ ಎಂಬುದು 931 ಆಗಿಯೂ ಕಾಣುವುದು. ಕಳಸಿಗೆ ಬೇರೆ, ಸೇರು ಬೇರೆ, ಅಕ್ಕಿ ಅಷ್ಟೇ.

ಸವೆಯುವ ಬಗ್ಗೆ: ಪೆಟ್ಟಿಗೆಯಲ್ಲಿ ಅಥವಾ ಕಂಪನಿಯ ವಿವರದಲ್ಲಿ ಟಿಬಿಡಬ್ಲ್ಯು ಅಂತ ಒಂದು ಸಂಖ್ಯೆ ಇರ್ತದೆ. 300 ಅಂತ ಇದ್ದರೆ 300 ಟಿಬಿ ಬರೆಯುವವರೆಗೆ ಕಂಪನಿಯ ಭರವಸೆ. ದಿನಾ 20 ಜಿಬಿ ಬರೆದರೂ 15,000 ದಿನ, ಅಂದರೆ 41 ವರ್ಷ. ವಿದ್ಯಾರ್ಥಿಗೆ ಅದರ ಚಿಂತೆ ಬೇಡ. ಆದರೆ ಡಿಸ್ಕನ್ನು ಕಂಠಮಟ್ಟ ತುಂಬಿಸಬೇಡಿ, ಐದರಲ್ಲೊಂದು ಪಾಲು ಖಾಲಿ ಇರಲಿ. ತುಂಬಿದ ಎಸ್‌ಎಸ್‌ಡಿ ಬರೆಯುವುದರಲ್ಲಿ ಮಂದ ಆಗ್ತದೆ. ನನ್ನ ಎರಡು ವರ್ಷದ ಎಂಎಸ್‌ಸಿ ಕೆಲಸ ಎಲ್ಲ ಸೇರಿ 200 ಜಿಬಿ ದಾಟಲಿಲ್ಲ.

ಉಪ್ಪಳ ವಿಡಿಯೋ

ನಾನು ಬೇರೆ ಕಡೆಯಿಂದ ಹೇಳ್ತೇನೆ, ಯಾಕಂದರೆ ಸ್ಟೋರೇಜು ನನ್ನ ಹೊಟ್ಟೆಪಾಡು. ಯಕ್ಷಗಾನದ ಆಟ, ತಾಳಮದ್ದಳೆ, ಜಾತ್ರೆ ರೆಕಾರ್ಡ್ ಮಾಡ್ತೇನೆ. ನನ್ನ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಬರೀತದೆ. ಗಂಟೆಗೆ 22.5 ಜಿಬಿ. ಚೌಕಿಪೂಜೆಯಿಂದ ಮಂಗಳದವರೆಗೆ ಇಡೀ ರಾತ್ರಿಯ ಆಟಕ್ಕೆ ಎಂಟು ಗಂಟೆ ಹಿಡಿದರೆ 180 ಜಿಬಿ, ಎರಡು ಕ್ಯಾಮೆರಾಕ್ಕೆ 360. 512ರಲ್ಲಿ ಒಂದು ಆಟ ಹಾಕಿದರೆ ಇನ್ನೊಂದಕ್ಕೆ ಜಾಗ ಇಲ್ಲ. ಈಗ ಕಾಲಮಿತಿ ಆಟ ಹೆಚ್ಚಾದ ಕಾರಣ ಅರ್ಧ ಆಗಿದೆ. ಹಾಗಿದ್ದರೂ ಆಟದ ತಿರುಗಾಟ ಮುಗಿಯುವ ಪತ್ತನಾಜೆಯ ಹೊತ್ತಿಗೆ ನನ್ನಲ್ಲಿ ನಾಲ್ಕೈದು ಟಿಬಿ ತುಂಬಿರ್ತದೆ.

ನಾನು ಕಲಿತದ್ದು ಎಂತ ಅಂದರೆ, ಕೆಲಸ ಮಾಡುವ ಜಾಗ ಬೇರೆ, ಇಡುವ ಜಾಗ ಬೇರೆ. ಅಂಗಳದಲ್ಲಿ ಅಡಿಕೆ ಒಣಗಿಸ್ತೇವೆ, ಅಟ್ಟದಲ್ಲಿ ಇಡ್ತೇವೆ. ಎಡಿಟ್ ಮಾಡುವಷ್ಟು ದಿನ ಎಸ್‌ಎಸ್‌ಡಿಯಲ್ಲಿ, ಮುಗಿದ ಮೇಲೆ ಹೊರಗಿನ ಹಾರ್ಡ್ ಡಿಸ್ಕಿಗೆ, ಅದೂ ಎರಡಕ್ಕೆ. ಒಂದು ನನ್ನ ಮನೆಯಲ್ಲಿ, ಒಂದು ಭಾವನ ಮನೆಯಲ್ಲಿ. 2019ರ ತುಲಾ ತಿಂಗಳ ಸಿಡಿಲಿಗೆ ಮೋಡೆಮ್, ಡೆಸ್ಕ್‌ಟಾಪ್, ಅದಕ್ಕೆ ಸಿಕ್ಕಿಸಿಟ್ಟಿದ್ದ ಹಾರ್ಡ್ ಡಿಸ್ಕ್ ಮೂರೂ ಒಟ್ಟಿಗೆ ಹೋಯ್ತು. ಆ ಡಿಸ್ಕಿನಲ್ಲಿ ಒಬ್ಬರು ಹಿರಿಯ ಭಾಗವತರ ಪದ್ಯ ಇತ್ತು. ಅವರು ಈಗ ಇಲ್ಲ. ಅದನ್ನು ಯಾವ ಟಿಬಿ ಕೊಟ್ಟರೂ ವಾಪಸು ತರಲಿಕ್ಕೆ ಆಗುವುದಿಲ್ಲ. ಇವತ್ತಿಗೂ ಗುಡುಗು ಕೇಳಿದ ಕೂಡಲೇ ನಾನು ಮೊದಲು ಓಡುವುದು ಪ್ಲಗ್ ತೆಗೆಯಲಿಕ್ಕೆ.

ನಿಮ್ಮ ಮಗಳಿಗೆ 512 ಸಾಕು. 1 ಟಿಬಿಗೆ ಕೊಡುವ ದುಡ್ಡಿನಲ್ಲಿ ಹೊರಗಿನ ಒಂದು ಹಾರ್ಡ್ ಡಿಸ್ಕ್ ತೆಗೆದು ತಿಂಗಳಿಗೊಮ್ಮೆ ಎಲ್ಲ ಕಾಪಿ ಮಾಡಿಡಲಿ. ಎಸ್‌ಎಸ್‌ಡಿ ಹೋಗುವಾಗ ಹಾರ್ಡ್ ಡಿಸ್ಕಿನ ಹಾಗೆ ಟಿಕ್ ಟಿಕ್ ಅಂತ ಮುನ್ಸೂಚನೆ ಕೊಡುವುದಿಲ್ಲ, ಒಂದು ಬೆಳಿಗ್ಗೆ ಕಾಣುವುದೇ ಇಲ್ಲ.

ಬಾಯಾರು–ಬೆಂಗಳೂರು

ವೇಗದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ "ಇದು ಜೆನ್ 4, 7,000 ಎಂಬಿ" ಅಂತ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಭೂಮಿ ಆಕಾಶ ಅಂತರ. ಹಿಂದಿನ ತಲೆಮಾರಿನ ಜೆನ್ 3ರಿಂದ ಜೆನ್ 4ಕ್ಕೆ ದಿನದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ, ಉಪ್ಪಳದವರ ಹಾಗೆ ದೊಡ್ಡ ದೊಡ್ಡ ಫೈಲ್ ಸಾಗಿಸುವವರಿಗೆ ಬಿಟ್ಟು. ಮತ್ತೆ, ನಾನು 32 ಅಂದದ್ದು ಬಿಡಿ. ನನ್ನ ಕೆಲಸದ ಅಳತೆಯಲ್ಲಿ ಹೇಳಿದ್ದು.

ಮುಳ್ಳೇರಿಯ ಡಿಟಿಪಿ ಅಕ್ಕ

ಇಲ್ಲೇ ಕೇಳ್ತೇನೆ, ಮ್ಯಾಕ್ ಹೇಗೆ? ನನಗೆ ಒಂದು ಆಸೆ ಉಂಟು.

ಬಾಯಾರು–ಬೆಂಗಳೂರು

ಅಕ್ಕ, ಮೆಶಿನ್ ಬಹಳ ಒಳ್ಳೆಯದು. 2024ರ ಅಕ್ಟೋಬರಿನಲ್ಲಿ ಎಂ4 ಮ್ಯಾಕುಗಳಿಗೆ ಕನಿಷ್ಠ 16 ಜಿಬಿ ಕೊಡಲಿಕ್ಕೆ ಸುರು ಮಾಡಿದರು. ಎಂ4 ಮ್ಯಾಕ್ ಮಿನಿ ಬಂದಾಗ ಇಲ್ಲಿ 59,900. ಆದರೆ ಅದರಲ್ಲಿ ಮೆಮೊರಿ ಪ್ರೊಸೆಸರಿನ ಜೊತೆಗೇ ಇರ್ತದೆ, ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ. ಆಗ ಆರ್ಡರ್ ಮಾಡುವಾಗ ಸ್ಟೋರೇಜು 256ನ್ನು 512 ಮಾಡಲಿಕ್ಕೆ 20,000 ಹೆಚ್ಚು ಇತ್ತು. ನಿಮಗೆ ಬೇಕಾದ್ದು ಮೆಮೊರಿಯಾದರೆ ಅಲ್ಲಿಗೇ ಕೊಡಿ, ಸ್ಟೋರೇಜನ್ನು ಹೊರಗಿನ ಎಸ್‌ಎಸ್‌ಡಿಯಲ್ಲಿ ಸುಧಾರಿಸಬಹುದು. ಮೊದಲು ನೀವು ಬಳಸುವ ಕನ್ನಡ ಲಿಪಿ ತಂತ್ರಾಂಶ ಅದರಲ್ಲಿ ಓಡ್ತದಾ ಅಂತ ನೋಡಿಕೊಳ್ಳಿ. ನುಡಿ, ಬರಹ ಎರಡೂ ವಿಂಡೋಸಿಗೆ ಮಾಡಿದ್ದು. ಹಳೇ ಫೈಲುಗಳಿದ್ದರೆ ಕಷ್ಟ.

ಮುಳ್ಳೇರಿಯ ಡಿಟಿಪಿ ಅಕ್ಕ

ನನ್ನದು ಹದಿನೈದು ವರ್ಷದ ನುಡಿ ಫೈಲುಗಳು. ಹಾಗಾದರೆ ಸದ್ಯಕ್ಕೆ ಇಲ್ಲ.

ನೀರ್ಚಾಲು ತೋಟದವ

ನಿನ್ನೆ ಹೋಗಿ ತಂದೆವು. ಎಲ್ಲ ಹೇಳದೆ ಇರಲಿಕ್ಕೆ ಮನಸ್ಸಿಲ್ಲ.

ಬೆಳಿಗ್ಗೆ ಬದಿಯಡ್ಕದಿಂದ ಬಸ್ಸು ಹಿಡಿದು ಕುಂಬ್ಳೆಗೆ, ಅಲ್ಲಿಂದ ರೈಲಿನಲ್ಲಿ ಮಂಗಳೂರು. ಅಂಗಡಿಗೆ ಹೋದ ಕೂಡಲೇ ಮಗಳು ಮೂರೂ ಮೆಶಿನಿನಲ್ಲಿ ಆ ಮೂರು ಕೀ ಒತ್ತಿ ನೋಡಿದಳು. ಒಂದನೆಯದರಲ್ಲಿ "1 ಆಫ್ 2", "ಸೋಡಿಮ್". ಅವಳಿಗೆ ಆಸೆ ಇದ್ದ ತೆಳ್ಳಗಿನದರಲ್ಲಿ "ರೋ ಆಫ್ ಚಿಪ್ಸ್". ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ನಿಂತಳು. ನಾನು ಏನೂ ಹೇಳಲಿಲ್ಲ. ಮತ್ತೆ ಅವಳೇ, "ಅಪ್ಪ, ಅರ್ಧ ಕಿಲೋ ಭಾರ ಹೊರಬಹುದು, ನಾಲ್ಕನೇ ವರ್ಷ ಮೆಮೊರಿ ಸಾಕಾಗದಿದ್ದರೆ ಎಂತ ಮಾಡುವುದು" ಅಂದಳು.

ಒಂದನೆಯದನ್ನೇ ತೆಗೆದೆವು. ಪೆಟ್ಟಿಗೆ ನಮ್ಮೆದುರೇ ಒಡೆಸಿದೆವು. ಅಂಗಡಿಯ ಹುಡುಗ ಮೊದಲು "ಸರ್, ಒಳಗೆ ಹೋಗಿ ಹಾಕಿ ತರ್ತೇನೆ" ಅಂದ. "ಇಲ್ಲೇ ಹಾಕಿ, ನನಗೂ ಕಲೀಬೇಕು" ಅಂತ ಮಗಳು ಹೇಳಿದ್ದಕ್ಕೆ ಅವನಿಗೆ ಖುಷಿಯೇ ಆಯ್ತು, ಪ್ರತಿಯೊಂದನ್ನೂ ತೋರಿಸಿ ಮಾಡಿದ. ಹತ್ತು ಸ್ಕ್ರೂ, ಕೆಳಗಿನ ಮುಚ್ಚಳದ ಅಂಚಿಗೆ ಪ್ಲಾಸ್ಟಿಕಿನ ತೆಳು ಚೂರು ತೂರಿಸಿ ಟಕ್ ಟಕ್ ಅಂತ ಬಿಡಿಸಿದ. ಮೊದಲು ಬ್ಯಾಟರಿಯ ವಯರ್ ತೆಗೆದ. ಕಡ್ಡಿಯನ್ನು ಓರೆಯಾಗಿ ತೂರಿಸಿ ಕೆಳಗೆ ಒತ್ತಿದಾಗ ಎರಡು ಬದಿಯ ಸಣ್ಣ ಕೊಕ್ಕೆ ಕಚ್ಚಿಕೊಂಡಿತು. ಮಗಳು ಚೀಟಿಯ ಫೋಟೋ ತೆಗೆದಳು. ಮುಚ್ಚಳ ಹಾಕಿ ಆನ್ ಮಾಡಿದರೆ ಪರದೆ ಕಪ್ಪು. ನನಗೆ ಜೀವ ಹೋದ ಹಾಗಾಯ್ತು. "ಮೊದಲ ಸಲ ಹೊಸ ರ‍್ಯಾಮ್ ಗುರುತು ಹಿಡೀಲಿಕ್ಕೆ ಸಮಯ ತಗೊಳ್ತದೆ, ಮುಟ್ಟಬೇಡಿ" ಅಂದ. ಒಂದು ನಿಮಿಷಕ್ಕೆ ಬಂತು. 16. "2 ಆಫ್ 2".

ಬಿಲ್ಲಿನಲ್ಲಿ ರ‍್ಯಾಮಿನ ಕಂಪನಿ, ನಂಬರು ಎಲ್ಲ ಬರೆಸಿದೆ. ಅಕೌಂಟು ಮಗಳ ಇಮೇಲಿನಲ್ಲೇ. 61,500 ಆಯ್ತು. ಉಳಿದ 3,500ನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಅಂತ ಅವಳ ಕೈಗೇ ಕೊಟ್ಟಿದ್ದೇನೆ. ಕಡಿಮೆ ಬಿದ್ದದ್ದು ಮುಂದಿನ ತಿಂಗಳು ನೋಡುವ.

ಕುಂಬ್ಳೆ ರಿಪೇರಿಯವ

ಬಹಳ ಸಂತೋಷ ಆಯ್ತು ಅಣ್ಣ. ಡಿಡಿಆರ್5ರಲ್ಲಿ ಮೊದಲ ಸಲ ಹಾಗೆ ಕಪ್ಪಾಗಿ ನಿಲ್ಲುವುದು ಸಹಜ, ಹೇಳಲಿಕ್ಕೆ ನಾನು ಮರೆತೆ. ಆ ಹುಡುಗ ಬ್ಯಾಟರಿ ವಯರ್ ಮೊದಲು ತೆಗೆದದ್ದು ಕೆಲಸ ಗೊತ್ತಿರುವವನ ಲಕ್ಷಣ.

ಪೆರ್ಲದ ಮಾಷ್ಟ್ರು

ಈಗ ಹಳೆಯ ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ. ಅದರ ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಜಿಬಿಯದ್ದಾದರೂ ಸಾಕು, ಹಾಕಿಸಿ. ಅದರ ಮೇಲೆ ಲಿನಕ್ಸ್ ಹಾಕಿಕೊಡುತ್ತೇನೆ, ಖರ್ಚಿಲ್ಲ. ಮನೆಯಲ್ಲಿ ಸಣ್ಣ ತರಗತಿಯ ಮಕ್ಕಳಿದ್ದರೆ ಶಾಲೆಯ ಪಾಠ ಅದರಲ್ಲೇ ಆಗುತ್ತದೆ.

ನೀರ್ಚಾಲು ತೋಟದವ

ಮಾಷ್ಟ್ರೇ, ಮಗ ಎಂಟನೇ ಕ್ಲಾಸು. ಅಕ್ಕನ ಹೊಸತು ನೋಡಿ ನಿನ್ನೆಯಿಂದ ಮುಖ ಊದಿಸಿಕೊಂಡಿದ್ದಾನೆ. ಅವನಿಗೆ ಅದನ್ನೇ ಮಾಡಿಕೊಡುವ. 4 ಜಿಬಿಯನ್ನು 8 ಮಾಡಲಿಕ್ಕೆ ಆಗ್ತದಾ? ಹಿಂದಿನ ಚೀಟಿಯಲ್ಲಿ ಡಿಡಿಆರ್3ಎಲ್ ಅಂತ ಉಂಟು.

ಕುಂಬ್ಳೆ ರಿಪೇರಿಯವ

ಆಗ್ತದೆ. 3ಎಲ್ ಅಂದರೆ 1.35 ವೋಲ್ಟಿನದ್ದು, ಅದೇ ಹಾಕಬೇಕು. ಹಳೇ ಲ್ಯಾಪ್‌ಟಾಪುಗಳಿಂದ ತೆಗೆದ ಎರಡು ಮೂರು ಕಡ್ಡಿ ನನ್ನ ಡಬ್ಬಿಯಲ್ಲಿ ಬಿದ್ದುಕೊಂಡಿವೆ, ಒಂದು ಹಾಕಿ ಪರೀಕ್ಷೆ ಮಾಡಿ ಕೊಡ್ತೇನೆ, ಅದಕ್ಕೆ ದುಡ್ಡು ಬೇಡ. ಎಸ್‌ಎಸ್‌ಡಿ ಮಾತ್ರ ಹೊಸತೇ ತನ್ನಿ. ಭಾನುವಾರ ಅಂಗಡಿ ಬಾಗಿಲು ಹಾಕಿರ್ತದೆ, ಸೋಮವಾರ ಮಗನನ್ನೂ ಕರ್ಕೊಂಡು ಬನ್ನಿ, ಸ್ಕ್ರೂ ಅವನೇ ತೆಗೀಲಿ. ಬರುವಾಗ ಚಾರ್ಜರ್ ಮರೀಬೇಡಿ.

ಪೆರ್ಲದ ಮಾಷ್ಟ್ರು

ಸೋಮವಾರ ನಾಲ್ಕೂವರೆಯ ಮೇಲೆ ನಾನೂ ಬರುತ್ತೇನೆ. ಪೆನ್‌ಡ್ರೈವ್ ನನ್ನದೇ ತರುತ್ತೇನೆ.